ಬ್ಯಾಟರಿ ನೀರು ತುಂಬಿದೆ

“ನಾನೇನೂ ಕೆಟ್ಟವನಲ್ಲ” ಎಂದು ಮಾತು ಶುರು ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಆ ಮಾತು ನಾನು ಆಡುವುದಿಲ್ಲ. ಹೆಸರು ವಾದಿರಾಜ. ಮನೆ ಬಸವನಗುಡಿಯಲ್ಲಿ, ಕೆಲಸ ಮಲ್ಲೇಶ್ವರದ ಉತ್ತರದ ತುದಿಯಲ್ಲಿದ್ದ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ. ಈಗ ಆ ಕೇಂದ್ರವೂ ಇಲ್ಲ, ನನ್ನ ಕೆಲಸವೂ ಇಲ್ಲ, ಹಾಗಾಗಿ ಬಾಯಿಬಿಟ್ಟು ಹೇಳಬಹುದು.

ಕೇಂದ್ರದ ಹಿಂದೆ ಆರು ಎಕರೆಯ ತೋಪಿತ್ತು. ಹೊಂಗೆ, ನೇರಳೆ, ಒಂದಷ್ಟು ಹಳೆಯ ಮಳೆಮರ. ನಡುವೆ ಎಂಬತ್ತು ಅಡಿಯ ಕಬ್ಬಿಣದ ಗೋಪುರ, ಅದರ ನೆತ್ತಿಯ ಮೇಲೆ ಯಂತ್ರಗಳು. ಬಿಸಿಲಿನಿಂದ ತೋಪಿಗೆ ಎಷ್ಟು ಶಕ್ತಿ ಬಂತು, ಅದರಲ್ಲಿ ಎಷ್ಟು ಬರೀ ಶಾಖವಾಗಿ ಮೇಲೆದ್ದು ಹೋಯಿತು, ಎಷ್ಟು ಎಲೆಗಳ ನೀರನ್ನು ಆವಿ ಮಾಡಲು ಖರ್ಚಾಯಿತು ಎಂದು ಆ ಯಂತ್ರಗಳು ಅರ್ಧ ಗಂಟೆಗೊಂದು ಅಂಕಿ ಬರೆಯುತ್ತಿದ್ದವು. ವರ್ಷಕ್ಕೆ ಹದಿನೇಳು ಸಾವಿರದ ಐನೂರಿಪ್ಪತ್ತು ಅಂಕಿ. ವರ್ಷಾನುಗಟ್ಟಲೆ ಎಡೆಬಿಡದೆ ಅಳೆದಿದ್ದೇವೆ ಎಂದು ನಮ್ಮ ಡೈರೆಕ್ಟರ್ ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದರು.

ಎಡೆಬಿಡದೆ ಎನ್ನುವುದು ಬಾಯಿಮಾತು. ಮಳೆ ಬಂದರೆ ಯಂತ್ರ ಒದ್ದೆಯಾಗಿ ತಲೆಕೆಟ್ಟ ಅಂಕಿ ಕೊಡುತ್ತದೆ, ಹದ್ದು ಬಂದು ಅದರ ಮೇಲೆ ಕೂರುತ್ತದೆ, ಕರೆಂಟು ಹೋಗುತ್ತದೆ. ಅಂಥ ಕಡೆಯಲ್ಲೆಲ್ಲ ಯಂತ್ರ ಮೈನಸ್ ಒಂಬತ್ತು ಒಂಬತ್ತು ಒಂಬತ್ತು ಒಂಬತ್ತು ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಆ ತೂತು ಮುಚ್ಚುವವನು ನಾನು. ಅದೇ ಹೊತ್ತಿನಲ್ಲಿ ಅದೇ ಥರದ ಆಕಾಶವಿದ್ದ ಅಕ್ಕಪಕ್ಕದ ದಿನಗಳನ್ನು ಹುಡುಕಿ, ಸರಾಸರಿ ತೆಗೆದು, ಖಾಲಿ ಜಾಗದಲ್ಲಿ ಕೂರಿಸಬೇಕು. ನಮ್ಮಮ್ಮ ಇದನ್ನು ಕೇಳಿ, ಅಂದರೆ ಕಾಪಿ ಹೊಡೆಯುವ ಕೆಲಸ ಎನ್ನು ಎಂದಿದ್ದಳು. ಕಾಪಿಯಲ್ಲ, ಅಂದಾಜು. ಅರ್ಧ ಗಂಟೆ ಹೋದರೆ, ಒಂದು ದಿನ ಹೋದರೆ ಈ ಅಂದಾಜು ಗಟ್ಟಿಯಾಗಿ ನಿಲ್ಲುತ್ತದೆ. ವಾರಗಟ್ಟಲೆ ಹೋದರೆ ಮಾತ್ರ, ಆ ದಿನಗಳಲ್ಲಿ ಆಕಾಶ ಹೇಗಿತ್ತು ಎಂದು ನೋಡಿ ಬರೆದಿಟ್ಟ ಒಬ್ಬ ಮನುಷ್ಯ ಬೇಕು.

ಆ ಮನುಷ್ಯ ಲಕ್ಕಮ್ಮ. ಅವಳ ಗಂಡ ಆಂಜಿನಯ್ಯ ತೋಪಿನ ಕಾವಲುಗಾರನಾಗಿದ್ದ, ತೊಂಬತ್ತೆರಡರಲ್ಲಿ ಕಾಮಾಲೆಯಾಗಿ ತೀರಿಕೊಂಡ. ಅದೇ ಡಿಸೆಂಬರಿನಲ್ಲಿ ಅವಳನ್ನು ದಿನಗೂಲಿಯ ಮೇಲೆ ತೆಗೆದುಕೊಂಡರು. ಏಳನೇ ಕ್ಲಾಸು ಓದಿದ್ದಳು, ಅಕ್ಷರ ದುಂಡಗಿತ್ತು. ಮತ್ತಿಕೆರೆಯಿಂದ ನಡೆದು ಬೆಳಿಗ್ಗೆ ಆರಕ್ಕೆ ಬಂದರೆ ಸಂಜೆ ಆರರವರೆಗೆ ತೋಪಿನಲ್ಲೇ. ಗೋಪುರದ ಬುಡದಲ್ಲಿದ್ದ, ಯಂತ್ರಗಳನ್ನು ನಡೆಸುವ ಬ್ಯಾಟರಿಗಳಿಗೆ, ನಾನು ತರಿಸಿಕೊಡುವ ಡಬ್ಬದಿಂದ ಬಟ್ಟಿ ಇಳಿಸಿದ ನೀರು ಹಾಕುವುದು, ಅರ್ಧ ಗಂಟೆಗೊಮ್ಮೆ ಕತ್ತೆತ್ತಿ ಆಕಾಶ ನೋಡಿ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುವುದು, ಇಷ್ಟೇ ಕೆಲಸ. ಶನಿವಾರ ಆ ಪುಸ್ತಕವನ್ನು ನನ್ನ ಮೇಜಿಗೆ ತಂದು, ನಾನು ಸಹಿ ಹಾಕುವವರೆಗೂ ನಿಂತಿರಬೇಕು. ಶುಕ್ರವಾರ ಶುಕ್ರವಾರ ಬ್ಯಾಟರಿ ಪೆಟ್ಟಿಗೆಗೆ ಅರಿಶಿನ ಕುಂಕುಮ ಇಡುತ್ತಿದ್ದಳು. ವಿಜ್ಞಾನದ ಜಾಗದಲ್ಲಿ ಇದೇನು ಅವತಾರ ಎಂದು ಎಷ್ಟು ಸಲ ಗದರಿದರೂ ಬಿಡಲಿಲ್ಲ.

ಅವಳಿಗಿದ್ದದ್ದು ಒಂದೇ ಆಸೆ, ಖಾಯಂ ಆಗುವುದು. ಕೇಂದ್ರದ ನಿಯಮ ಹೀಗಿತ್ತು: ದಿನಗೂಲಿಯವರು ಹತ್ತು ವರ್ಷ ಗೈರುಹಾಜರಿಯಿಲ್ಲದೆ ಸೇವೆ ಮಾಡಿದರೆ ಖಾಯಂ. ಒಂದೇ ಒಂದು ದಿನ ಹೇಳದೆ ಕೇಳದೆ ತಪ್ಪಿಸಿಕೊಂಡಿದ್ದರೂ ಹಿಂದಿನದೆಲ್ಲ ನೀರಿನಲ್ಲಿ ಮಾಡಿದ ಹೋಮ. ಎರಡು ಸಾವಿರದ ಎರಡರ ಡಿಸೆಂಬರಿಗೆ ಅವಳ ಹತ್ತು ವರ್ಷ ಮುಗಿಯುತ್ತಿತ್ತು. ಜ್ವರ ಬಂದರೂ ತಲೆಗೆ ಟವೆಲು ಸುತ್ತಿಕೊಂಡು ಬರುತ್ತಿದ್ದಳು. ಮಗಳು ಧನುಶ್ರೀಯನ್ನು ಬಿ.ಎಸ್ಸಿ. ಓದಿಸುತ್ತಿದ್ದಳು. ಖಾಯಂ ಆದ ಮೇಲೆ ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ ಎಂದು ನನ್ನ ಮುಂದೆ ಕೈಕಟ್ಟಿ ನಿಂತೇ ಹೇಳುತ್ತಿದ್ದಳು.

ಎರಡು ಸಾವಿರದ ಒಂದರ ಆಗಸ್ಟಿನ ಒಂದು ಶನಿವಾರ ಪುಸ್ತಕ ತಂದಿಟ್ಟಳು. ಕೊನೆಯ ಸಾಲಿನಲ್ಲಿ “ಬ್ಯಾಟರಿ ನೀರು ತುಂಬಿದೆ” ಎಂದು ಬರೆದಿತ್ತು. ಬಾಯಲ್ಲೂ ಅದನ್ನೇ ಹೇಳಿದಳು. ಒಳ್ಳೆಯದಾಯಿತು ಎಂದು ಸಹಿ ಹಾಕಿದೆ. ಮುಂದಿನ ಶನಿವಾರವೂ ಅದೇ ಸಾಲು, ಅದೇ ಮಾತು, ಅದೇ ಸಹಿ. ಮೂರನೇ ವಾರ ಸಹಿ ಆದ ಮೇಲೂ ಹೋಗದೆ ನಿಂತಳು.

“ಸಾರ್, ನೀರು ತುಂಬಿ ಮೂರು ವಾರ ಆಯ್ತು.”

“ಆಗ್ಲಿ ಬಿಡಮ್ಮ, ಅದಕ್ಯಾಕೆ ತಲೆ ತಿಂತೀಯ? ನಂಗೊತ್ತಿದೆ, ಹೋಗು.”

ಹೋದಳು. ಮತ್ತೆ ಮೂರು ಶನಿವಾರ ಬರೆದಳು, ಮತ್ತೆ ಮೂರು ಸಹಿ ಬಿತ್ತು. ಸೋಮವಾರಕ್ಕೊಮ್ಮೆ ಗೋಪುರದ ಬುಡಕ್ಕೆ ಹೋಗಿ ಕಣ್ಣಾರೆ ನೋಡಿ ಬರಬೇಕಾದವನು ನಾನು. ತೋಪಿನಲ್ಲಿ ಸೊಳ್ಳೆ ಜಾಸ್ತಿ, ನಾನು ಹೋಗಿರಲಿಲ್ಲ. ಸೆಪ್ಟೆಂಬರ್ ಮಧ್ಯದಲ್ಲಿ ಯಂತ್ರದಿಂದ ಅಂಕಿ ಇಳಿಸಿಕೊಂಡು ಕಂಪ್ಯೂಟರಿನಲ್ಲಿ ತೆರೆದೆ. ಆಗಸ್ಟ್ ಆರರಿಂದ ಆಚೆಗೆ ಪರದೆ ತುಂಬ ಮೈನಸ್ ಒಂಬತ್ತುಗಳು. ಲೆಕ್ಕ ಹಾಕಿದೆ. ನಲವತ್ತೊಂದು ದಿನ.

ಪಿತ್ತ ನೆತ್ತಿಗೇರಿತು. ತೋಪಿಗೆ ಓಡಿಹೋಗಿ ಪೆಟ್ಟಿಗೆ ತೆಗೆದು ನೋಡಿದರೆ ಬ್ಯಾಟರಿಗಳು ಒಣಗಿ ಸತ್ತಿವೆ, ನೀರಿನ ಡಬ್ಬ ಬೋರಲು ಹಾಕಿದೆ, ಅದರ ಮೇಲೂ ಒಂದು ಕುಂಕುಮದ ಬೊಟ್ಟು. ಬಾಯಿಗೆ ಬಂದ ಹಾಗೆ ಬೈದೆ. ಒಂದು ತೊಟ್ಟು ನೀರಿಲ್ಲ, ಆರು ವಾರ ತುಂಬಿದೆ ತುಂಬಿದೆ ಎಂದು ಬರೆಯಲು ನಿನಗೆ ನಾಚಿಕೆಯಾಗಲಿಲ್ಲವೇ ಎಂದು ಕೇಳಿದೆ. ಅವಳು ಅರ್ಥವಾಗದೆ ನನ್ನ ಮುಖ ನೋಡಿದಳು.

“ಅದೇ ಸಾರ್, ತುಂಬೈತೆ ಅಂತಾನೇ ಹೇಳಿದ್ನಲ್ಲ. ಅನ್ನ ಕೊಡೋ ಪೆಟ್ಗೆ ಮುಂದೆ ನಿಂತ್ಕೊಂಡು ‘ಇಲ್ಲ’ ಅಂತ ಹೆಂಗನ್ನೋದು?”

ನಮ್ಮ ಮನೆಯಲ್ಲಿ ಅಕ್ಕಿ ಡಬ್ಬ ಬರಿದಾದರೆ ಅಮ್ಮ ಎಂದಾದರೂ ಅಕ್ಕಿ ಇಲ್ಲ ಎಂದಿದ್ದಾಳೆಯೇ? ಅಕ್ಕಿ ತುಂಬಿದೆ, ತೆಗೆದುಕೊಂಡು ಬಾ ಎನ್ನುತ್ತಾಳೆ. ಕುಂಕುಮ ಮುಗಿದರೆ ತುಂಬಿದೆ, ಬಳೆ ಒಡೆದರೆ ಹೆಚ್ಚಿತು, ದೀಪ ಆರಿಸಬೇಕಾದರೆ ದೊಡ್ಡದು ಮಾಡು. ಇಲ್ಲ ಎಂದು ಬಾಯಲ್ಲಿ ಬಂದರೆ ಇರುವುದೂ ಹೋಗುತ್ತದೆಂಬ ಹೆದರಿಕೆ. ನಲವತ್ತೈದು ವರ್ಷ ಕೇಳಿದ ಮಾತು. ಅದು ಬ್ಯಾಟರಿ ಪುಸ್ತಕದಲ್ಲಿ ಬಂದೀತೆಂದು ನನಗೆ ಹೊಳೆದಿರಲಿಲ್ಲ, ಅಷ್ಟೆ. ಆರು ವಾರ ಅವಳು ನೀರು ಮುಗಿದಿದೆ ಮುಗಿದಿದೆ ಎಂದು ಗೋಗರೆದಿದ್ದಳು, ಆರು ವಾರ ನಾನು ಒಳ್ಳೆಯದು ಎಂದು ಸಹಿ ಹಾಕಿದ್ದೆ.

ಡೈರೆಕ್ಟರ್ ವಿಚಾರಣೆಗೆ ಕರೆದರು. ಅವರು ಲಖನೌ ಕಡೆಯವರು. ಜೊತೆಗೆ ಕೂತ ಇಬ್ಬರು ಹೊರಗಿನವರಿಗೂ ಕನ್ನಡ ಬಾರದು. ಲಕ್ಕಮ್ಮನಿಗೆ ಇಂಗ್ಲಿಷ್ ಬಾರದು. ನಡುವೆ ನಾನು. ಪುಸ್ತಕ ತೆರೆದು ಈ ಸಾಲು ಏನು ಎಂದು ಕೇಳಿದರು. ಡಬ್ಬ ಭರ್ತಿಯಾಗಿದೆ ಎಂದು ಅನುವಾದಿಸಿದೆ. ಬರೆದದ್ದು ನೀನೇ ಏನು ಎಂದು ಕೇಳಿದರು, ಅವಳು ಹೌದೆಂದಳು. ಆಮೇಲೆ ಐದು ನಿಮಿಷ ಬಿಡಿಸಿ ಬಿಡಿಸಿ ವಿವರಿಸಿದಳು, ಅಕ್ಕಿ, ಕುಂಕುಮ, ಬಳೆ, ದೀಪ ಎಲ್ಲವನ್ನೂ. ಇಷ್ಟುದ್ದ ಏನು ಹೇಳುತ್ತಿದ್ದಾಳೆ ಎಂದು ಡೈರೆಕ್ಟರ್ ಕೇಳಿದರು. ತಪ್ಪಾಯಿತು, ಕ್ಷಮಿಸಿ ಎನ್ನುತ್ತಿದ್ದಾಳೆ ಎಂದೆ. ಈ ಪದಕ್ಕೆ ಬೇರೆ ಅರ್ಥವೇನಾದರೂ ಉಂಟೇ ಎಂದು ಹೊರಗಿನವರಲ್ಲೊಬ್ಬರು, ಪಾಪ, ಕೇಳಿಯೂ ಕೇಳಿದರು. ಇಲ್ಲ ಎಂದೆ. ನನಗೆ ಭಯವಾಗಿತ್ತು. ಆರು ಸಹಿ ನನ್ನವು, ನನ್ನ ಪ್ರಮೋಷನ್ ಫೈಲು ಅದೇ ಮೇಜಿನ ಮೇಲಿತ್ತು. ಸುಳ್ಳು ಬರೆದ ಪುಸ್ತಕವನ್ನು ನಂಬಿ ಮೋಸಹೋದವನು ಎಂದರೆ ನಾನು ಬಚಾವು, ನಿಜ ಬರೆದ ಪುಸ್ತಕವನ್ನು ಓದಲು ಬಾರದವನು ಎಂದರೆ ಕೆಟ್ಟೆ.

ಅವರ ತೀರ್ಮಾನ ನೇರವಾಗಿತ್ತು. ಕಣ್ಣಾರೆ ನೋಡಿದವಳು ಖಾಲಿ ಡಬ್ಬವನ್ನು ಭರ್ತಿ ಎಂದು ಬರೆಯಲಾರಳು. ಆದ್ದರಿಂದ ಅವಳು ತೋಪಿಗೆ ಬಂದೇ ಇಲ್ಲ, ಎಲ್ಲೋ ಕೂತು ಬರೆದಿದ್ದಾಳೆ. ನಲವತ್ತೊಂದು ದಿನ ಗೈರುಹಾಜರಿ ಎಂದು ಫೈಲಿನಲ್ಲಿ ದಾಖಲಾಯಿತು. ಬಡವಿ ಎಂದು ಕೆಲಸದಿಂದ ತೆಗೆಯಲಿಲ್ಲ, ಅವಳಿಗೆ ಇನ್ನು ಮುಂದೆ ಹುಷಾರು ಎಂದಷ್ಟೇ ಹೇಳಲು ಹೇಳಿದರು. ಅಷ್ಟೇ ಹೇಳಿದೆ. ಹೊರಗೆ ಬಂದು ಲಕ್ಕಮ್ಮ ನನಗೆ ಕೈಮುಗಿದಳು. ನೀವಿದ್ದುದಕ್ಕೆ ಬಚಾವಾದೆ ಸಾರ್ ಎಂದಳು. ಸೇವೆ ಕಡಿದುಹೋಗಿದೆ ಎಂದು ಗೊತ್ತಿಲ್ಲದೆ ಇನ್ನೂ ಹದಿನೈದು ತಿಂಗಳು ದಿನ ಎಣಿಸುತ್ತ ಕೆಲಸ ಮಾಡಿದಳು. ಎಣಿಸಲಿ ಎಂದು ಸುಮ್ಮನಿದ್ದೆ.

ಇತ್ತ ಆ ದೊಡ್ಡ ತೂತು ಮುಚ್ಚಬೇಕಿತ್ತು. ವರ್ಷದ ಲೆಕ್ಕದಲ್ಲಿ, ಅದೂ ಮಳೆಗಾಲದಲ್ಲಿ, ನಲವತ್ತೊಂದು ದಿನ ಹೋದರೆ ಹತ್ತು ವರ್ಷದ ಸಾಲೇ ಬಿದ್ದುಹೋಗುತ್ತದೆ. ಯಾವ ಅರ್ಧ ಗಂಟೆಯಲ್ಲಿ ಬಿಸಿಲಿತ್ತು, ಯಾವಾಗ ಮೋಡ ಕವಿಯಿತು ಎಂದು ತಿಳಿಯದೆ ಒಂದು ಅಂಕಿಯನ್ನೂ ಕೂರಿಸುವಂತಿರಲಿಲ್ಲ. ಅದಕ್ಕೆ ಇದ್ದದ್ದು ಲಕ್ಕಮ್ಮನ ಪುಸ್ತಕ ಒಂದೇ. ಅದನ್ನೇ ಮುಂದಿಟ್ಟುಕೊಂಡು ತುಂಬಿದೆ. ಅವಳು ಬಂದಿದ್ದಳೆಂದು ನನಗೆ ಗೊತ್ತಿತ್ತಲ್ಲ! ಬೇರೆ ತಿಂಗಳುಗಳಲ್ಲಿ ನಿಜವಾದ ಅಂಕಿಯನ್ನು ಬೇಕೆಂದೇ ಮುಚ್ಚಿಟ್ಟು, ಅವಳ ಪುಸ್ತಕದಿಂದ ಲೆಕ್ಕ ಹಾಕಿ, ಆಮೇಲೆ ತೆರೆದು ಹೋಲಿಸಿ ನೋಡಿದೆ. ಕೂದಲೆಳೆಯಷ್ಟು ವ್ಯತ್ಯಾಸ. ಅವಳ ಕಣ್ಣು ಅಷ್ಟು ಚೊಕ್ಕ. ನನಗೆ ಪ್ರಮೋಷನ್ ಬಂತು. ಒಂದು ಲೇಖನ ಬರೆದು ಪತ್ರಿಕೆಗೆ ಕಳಿಸಿದೆ.

ಎರಡು ಸಾವಿರದ ಮೂರರ ಜನವರಿಯಲ್ಲಿ ಖಾಯಂ ಆದವರ ಪಟ್ಟಿ ಹಾಕಿದರು. ಲಕ್ಕಮ್ಮನ ಹೆಸರಿರಲಿಲ್ಲ. ಮಾರ್ಚ್ ಕೊನೆಗೆ ಬಿಡುಗಡೆ ಎಂಬ ಇನ್ನೊಂದು ಪಟ್ಟಿಯಲ್ಲಿತ್ತು. ಆಫೀಸಿನ ಗುಮಾಸ್ತರು ನಲವತ್ತೊಂದು ದಿನದ ಕಥೆ ಹೇಳಿದರಂತೆ. ಓಡಿ ನನ್ನ ಹತ್ತಿರ ಬಂದಳು. ಆ ದಿನಗಳಲ್ಲಿ ಲಕ್ಕಮ್ಮ ಕೆಲಸಕ್ಕೆ ಬಂದಿದ್ದಳು ಎಂದು ಯಾರಾದರೂ ಬರೆದುಕೊಟ್ಟರೆ ಮಾರ್ಚ್ ಹದಿನೈದರೊಳಗೆ ಮೇಲ್ಮನವಿ ಹಾಕಬಹುದಂತೆ, ನೀವು ಬರೆದುಕೊಡಿ ಸಾರ್ ಎಂದು ಬೇಡಿಕೊಂಡಳು. ನಾನು ತೋಪಿಗೆ ಬಂದು ನೋಡಿಲ್ಲವಲ್ಲಮ್ಮ, ಹೇಗೆ ಬರೆದುಕೊಡಲಿ ಎಂದೆ. ಅದು ನಿಜವೇ ಆಗಿತ್ತು.

ಫೆಬ್ರವರಿ ಕೊನೆಯಲ್ಲಿ ವಿಜ್ಞಾನ ದಿನ. ಅವತ್ತು ಕಾಲೇಜಿನ ಮಕ್ಕಳನ್ನು ಒಳಗೆ ಬಿಡುತ್ತೇವೆ, ಕಾರಿಡಾರಿನ ಗೋಡೆಗೆ ನಮ್ಮ ಸಾಧನೆಗಳ ದೊಡ್ಡ ಹಾಳೆಗಳನ್ನು ಅಂಟಿಸುತ್ತೇವೆ. ಧನುಶ್ರೀ ತನ್ನ ಕಾಲೇಜಿನವರ ಜೊತೆ ಬಂದಿದ್ದಾಳೆಂದು ನನಗೇನು ಗೊತ್ತು? ಮಾರನೇ ದಿನ, ಶನಿವಾರ, ತಾಯಿಯನ್ನು ಕರೆದುಕೊಂಡು ನೇರ ನನ್ನ ಮೇಜಿಗೇ ಬಂದಳು. ನನ್ನ ಹಾಳೆಯಲ್ಲಿನ ಒಂದು ಸಾಲನ್ನು ಕೈಯಲ್ಲಿ ಬರೆದುಕೊಂಡಿದ್ದಳು. ಆ ನಲವತ್ತೊಂದು ದಿನವೂ ಒಬ್ಬ ನುರಿತ ವೀಕ್ಷಕರು ತೋಪಿನಲ್ಲೇ ಇದ್ದು, ಒಂದು ದಿನವೂ ತಪ್ಪದೆ, ಅರ್ಧ ಗಂಟೆಗೊಮ್ಮೆ ಆಕಾಶವನ್ನು ದಾಖಲಿಸಿದ್ದಾರೆ ಎಂಬ ಸಾಲು. ತೂಕ ಬರಲಿ ಎಂದು ನಾನೇ ಬರೆದದ್ದು.

“ಆ ವೀಕ್ಷಕರು ನಮ್ಮಮ್ಮ ತಾನೆ ಸಾರ್?” ಎಂದಳು ಧನುಶ್ರೀ. “ಅದನ್ನೇ ಒಂದು ಲೆಟರ್‌ಹೆಡ್ ಮೇಲೆ ಬರ್ಕೊಡಿ. ಹೊಸದೇನೂ ಬೇಡ.”

ಲಕ್ಕಮ್ಮ ಮೇಜಿನ ಹತ್ತಿರ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

“ಮರಗಳ ನಲವತ್ತೊಂದು ದಿನ ನನ್ನ ಪುಸ್ತಕ ನೋಡಿ ತುಂಬ್ಕೊಂಡ್ರಂತೆ. ನಂದೂ ಅದೇ ನಲವತ್ತೊಂದು ದಿನ ಸಾರ್. ಅದನ್ನೂ ತುಂಬ್ಕೊಡಿ.”

ಪುಸ್ತಕ ಸುಳ್ಳಾದರೆ ನನ್ನ ಲೇಖನ ಸುಳ್ಳು, ಪುಸ್ತಕ ನಿಜವಾದರೆ ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು. ಏಳನೇ ಕ್ಲಾಸಿನ ಹೆಂಗಸು ನನ್ನನ್ನು ಎರಡು ಕಡೆಯಿಂದಲೂ ಹಿಡಿದು ನಿಲ್ಲಿಸಿದ್ದಳು. ಸೋಮವಾರ ಬನ್ನಿ, ಸರಿಮಾಡುತ್ತೇನೆ ಎಂದೆ. ತಾಯಿ ಮಗಳು ಇಬ್ಬರೂ ನಂಬಿದರು. ಮಗಳಂತೂ ಥ್ಯಾಂಕ್ಸ್ ಹೇಳಿ ಹೋದಳು.

ಪುಸ್ತಕವನ್ನು ಮನೆಗೆ ತಂದೆ. ಭಾನುವಾರ ಹಗಲೆಲ್ಲ ಮುಂಬಾಗಿಲ ಪಡಸಾಲೆಯಲ್ಲಿ ಕೂತು, ಹೊಸ ನೋಟ್‌ಬುಕ್ಕಿಗೆ ಆ ನಲವತ್ತೊಂದು ದಿನಗಳನ್ನು ನನ್ನ ಕೈಯಲ್ಲಿ ಇಂಗ್ಲಿಷಿನಲ್ಲಿ ಇಳಿಸಿದೆ. ಅವಳು ಕೆಲವು ಕಡೆ ಆಕಾಶ ಮುನಿಸಿಕೊಂಡಿದೆ ಎಂದು ಬರೆದಿದ್ದಳು, ಅಲ್ಲೆಲ್ಲ ದಟ್ಟ ಮೋಡ ಎಂದು ಮಾಡಿದೆ. ನೀರಿನ ಸಾಲುಗಳನ್ನು ಬಿಟ್ಟೆ. ಪ್ರತಿ ಪುಟದ ಕೆಳಗೆ ವೀಕ್ಷಕ ಎಂದು ಬರೆದು ನನ್ನ ಸಹಿ ಹಾಕಿದೆ. ಎಂಟು ಗಂಟೆ ಹಿಡಿಯಿತು, ಬೆರಳು ನೋವು ಬಂತು. ಅಮ್ಮ ಎರಡು ಸಲ ಕಾಫಿ ತಂದುಕೊಟ್ಟು, ರಜೆಯ ದಿನವೂ ದುಡಿಸಿಕೊಳ್ಳುತ್ತಾರಲ್ಲ ಎಂದು ಆಫೀಸಿನವರನ್ನು ಬೈದಳು. ಹಳೆಯ ಪುಸ್ತಕ ಸಂಜೆ ಗಾಂಧಿಬಜಾರಿನ ರದ್ದಿ ಅಂಗಡಿಗೆ ಹೋಯಿತು. ಸೋಮವಾರ ಬೇಗ ಹೋಗಿ, ಗೋಡೆಯ ಹಾಳೆಯಲ್ಲಿ ಒಬ್ಬ ನುರಿತ ವೀಕ್ಷಕರು ಎಂಬಲ್ಲಿ ಒಂದು ಸಣ್ಣ ಕಾಗದದ ಪಟ್ಟಿ ಅಂಟಿಸಿದೆ. ಪತ್ರಿಕೆಯವರಿಗೂ ಅದೇ ತಿದ್ದುಪಡಿ ಕಳಿಸಿದೆ. ಡೈರೆಕ್ಟರಿಗೆ ಹೇಳಿದಾಗ, ಆಗ ಆ ಹೆಂಗಸಿನ ಪುಸ್ತಕ ನಂಬಲಿಕ್ಕಾಗದೆ ನೀವೇ ಬೇರೆ ಬರೆದಿಟ್ಟಿದ್ದು ಒಳ್ಳೆಯದಾಯಿತು ಎಂದು ಬೆನ್ನು ತಟ್ಟಿದರು. ತೋಪಿನಲ್ಲಿದ್ದವರು ಬ್ಯಾಟರಿ ಏಕೆ ನೋಡಲಿಲ್ಲ ಎಂದು ಕೇಳುವಷ್ಟು ಆಸಕ್ತಿ ಅವರಿಗಿರಲಿಲ್ಲ.

ಹತ್ತು ಗಂಟೆಗೆ ತಾಯಿ ಮಗಳು ಬಂದರು. ಲಕ್ಕಮ್ಮ ಒಳ್ಳೆಯ ಸೀರೆ ಉಟ್ಟಿದ್ದಳು. ಬಾಯಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ, ಕಾರಿಡಾರಿಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದೆ. ಧನುಶ್ರೀ ಓದಿದಳು. ಮತ್ತೊಂದು ಸಲ ಓದಿದಳು. ಆಮೇಲೆ ತಾಯಿಗೆ ಕನ್ನಡದಲ್ಲಿ ಹೇಳಿದಳು, ಏನೂ ಕೂಡಿಸದೆ, ಏನೂ ಬಿಡದೆ.

“ಆ ನಲವತ್ತೊಂದು ದಿನವೂ ತೋಪಲ್ಲಿದ್ದು ಆಕಾಶ ನೋಡಿ ಬರೆದೋರು ವಾದಿರಾಜ ಸಾರ್ ಅಂತ ಬರ್ದಿದೆ ಅಮ್ಮ.”

ಅಳುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ತಯಾರಾಗಿದ್ದೆ. ಲಕ್ಕಮ್ಮ ಆ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅಂಟು ಇನ್ನೂ ಹಸಿಯಾಗಿತ್ತು. ನನ್ನ ಕಡೆ ತಿರುಗಿದಳು.

“ಗೌರಿ ಹಬ್ಬದ ದಿನ ಮಧ್ಯಾಹ್ನ ಏನಾಯ್ತು ಸಾರ್?”

ಗೌರಿ ಹಬ್ಬದ ದಿನ ನಾನು ಮನೆಯಲ್ಲಿ ಹೋಳಿಗೆ ತಿಂದು ಮಲಗಿದ್ದೆ. ಅದರ ಹಿಂದಿನ ದಿನ ಅವಳು ರಜೆ ಕೇಳಿದ್ದಳು, ಗಂಡ ಸತ್ತವಳಿಗೆ ಗೌರಿ ಹಬ್ಬ ಎಲ್ಲಿಯದು ಎಂದು ನಾನು ರಜೆ ಕೊಡದೆ ಕಳಿಸಿದ್ದೆ. ಆದರೆ ನಿನ್ನೆಯೆಲ್ಲ ಅದನ್ನೇ ಬರೆದಿದ್ದೆನಲ್ಲ, ನಾಲಿಗೆ ತಾನಾಗಿ ಉತ್ತರ ಕೊಟ್ಟಿತು. ಒಂದೂವರೆಗೆ ದಟ್ಟ ಮೋಡ. ಎರಡಕ್ಕೆ ಹನಿ. ಎರಡೂವರೆಯಿಂದ ನಾಲ್ಕರವರೆಗೆ ಜೋರು ಮಳೆ, ಪಶ್ಚಿಮದ ಗಾಳಿ. ನಾಲ್ಕೂವರೆಗೆ ಬಿಸಿಲು.

ಅವಳು ಒಂದೊಂದಕ್ಕೂ ತಲೆಯಾಡಿಸುತ್ತ ಕೇಳಿದಳು. ಒಂದೂ ತಪ್ಪಿರಲಿಲ್ಲ.

“ಸರಿಯಾಗೈತೆ ಸಾರ್,” ಎಂದಳು. “ನೀವೇ ಇದ್ರಿ ಬಿಡಿ. ಹಂಗಾದ್ರೆ ಅವತ್ತು ಆ ಮಳೇಲಿ ನೆಂದೋಳು ಯಾರೂ ಅಲ್ಲ.”

ಮಗಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು. ಮಾರ್ಚ್ ಹದಿನೈದರವರೆಗೆ ಕಾದೆ, ಮೇಲ್ಮನವಿ ಬರಲಿಲ್ಲ. ಲೇಖನ ಜೂನಿನಲ್ಲಿ ಅಚ್ಚಾಯಿತು.